ಕತ್ತರಿಸಲು ಯಂತ್ರ, ಕಟ್ಟಲು ಕೈ

ಕರಕುಶಲ ಕೆಲಸಕ್ಕೆಂದೇ ಬಂದಿರುವ ಕತ್ತರಿ ಯಂತ್ರ ನೋಡಲು ಮನೆಯ ಪ್ರಿಂಟರಿನಂತೆಯೇ ಇರುತ್ತದೆ. ಶಾಯಿಯ ಜಾಗದಲ್ಲಿ ಅದಕ್ಕೊಂದು ಪುಟ್ಟ ಅಲಗು. ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಬಿಡಿಸಿದ ಗೆರೆಯ ಜಾಡು ಹಿಡಿದು ಆ ಅಲಗು ಕಾಗದ, ರಟ್ಟು, ವಿನೈಲ್ ಹಾಳೆಗಳನ್ನು ಕೊರೆಯುತ್ತದೆ. ಬಾಗಿಲ ತೋರಣ, ದೀಪಾವಳಿಯ ಆಕಾಶಬುಟ್ಟಿ, ಗೊಂಬೆಹಬ್ಬದ ಹಿನ್ನೆಲೆ, ಹೆಸರು ಬರೆದ ಲೋಟ, ಸೀಮಂತಕ್ಕೆ ಬಂದವರ ಕೈಗಿಡುವ ತಾಂಬೂಲದ ಚೀಲ, ಇವೆಲ್ಲವೂ ಮನೆಯ ಮೇಜಿನ ಮೇಲೆಯೇ ತಯಾರಾಗಬಲ್ಲವು. ಕತ್ತರಿ ಹಿಡಿದು ಕೂತರೆ ಅರ್ಧ ದಿನ ಬೇಡುವ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಐವತ್ತನೆಯ ಹೂವೂ ಮೊದಲನೆಯದರ ಅಚ್ಚಿನಂತೆ ಬರುತ್ತದೆ. ಆದರೆ ಯಂತ್ರಕ್ಕೆ ಗೊತ್ತಿರುವುದು ಕತ್ತರಿಸುವುದೊಂದೇ. ವಸ್ತುವಿನ ಗುಣ ಅರಿತು ವಿನ್ಯಾಸ ಮಾಡುವುದು, ಬಿಡಿಸುವುದು, ಮಡಿಸುವುದು, ಅಂಟಿಸುವುದು ಎಲ್ಲವೂ ಮನುಷ್ಯರ ಪಾಲಿನ ಕೆಲಸ. ಉಡುಗೊರೆ ಚೆನ್ನಾಗಿ ಬರುವುದೂ ಕೆಡುವುದೂ ಅಲ್ಲಿಯೇ.

ಅಂಗಡಿ ಫಲಕದಿಂದ ಅಡುಗೆಮನೆ ಮೇಜಿಗೆ

ಕಂಪ್ಯೂಟರ್ ಹೇಳಿದಂತೆ ವಿನೈಲ್ ಅಕ್ಷರ ಕತ್ತರಿಸುವ ಯಂತ್ರಗಳು 1980ರ ದಶಕದಲ್ಲಿ ಫಲಕ ಬರೆಯುವವರ ಅಂಗಡಿಗಳಿಗೆ ಬಂದವು. ಅದೇ ತಂತ್ರವನ್ನು ಮನೆಗೆ ಹೊಂದುವಷ್ಟು ಚಿಕ್ಕದಾಗಿಸಿದ್ದು ನಂತರದ ಬೆಳವಣಿಗೆ. ಅಮೆರಿಕದ ಯೂಟಾ ರಾಜ್ಯದ ಪ್ರೊವೊ ಕ್ರಾಫ್ಟ್ ಕಂಪನಿ 2000ರ ದಶಕದ ನಡುವಿನಲ್ಲಿ 'ಕ್ರಿಕಟ್' ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮೊದಮೊದಲು ಅದಕ್ಕೆ ಕಂಪ್ಯೂಟರ್ ಬೇಕಿರಲಿಲ್ಲ. ಅಕ್ಷರ, ಚಿತ್ರಗಳನ್ನು ತುಂಬಿದ ಕಾರ್ಟ್ರಿಜ್‌ಗಳನ್ನು ಕೊಂಡು ಸಿಕ್ಕಿಸಬೇಕಿತ್ತು, ಅದರಲ್ಲಿ ಇದ್ದಷ್ಟೇ ವಿನ್ಯಾಸ. 2014ರ 'ಎಕ್ಸ್‌ಪ್ಲೋರ್' ಮಾದರಿಯ ಹೊತ್ತಿಗೆ ಸ್ವಂತ ಚಿತ್ರವನ್ನು ಇಂಟರ್ನೆಟ್ ಮೂಲಕ ಏರಿಸಿ ಕತ್ತರಿಸುವ ಅನುಕೂಲ ಬಂತು. 2017ರ 'ಮೇಕರ್' ಬಟ್ಟೆಯನ್ನೂ ತೆಳು ಬಾಲ್ಸಾ ಮರವನ್ನೂ ಕತ್ತರಿಸತೊಡಗಿತು. ಕಂಪನಿ ತನ್ನ ಹೆಸರನ್ನೇ ಕ್ರಿಕಟ್ ಎಂದು ಬದಲಿಸಿಕೊಂಡು 2021ರಲ್ಲಿ ನ್ಯಾಸ್ಡ್ಯಾಕ್ ಷೇರುಪೇಟೆಗೆ ಕಾಲಿಟ್ಟಿತು.

ಇದಕ್ಕೆ ಪೈಪೋಟಿ ಕೊಡುವ ಮುಖ್ಯ ಯಂತ್ರಗಳು ಎರಡು. ಜಪಾನಿನ ಗ್ರಾಫ್‌ಟೆಕ್ ಒಡೆತನದ ಸಿಲೂಯೆಟ್ ಕಂಪನಿಯ 'ಕ್ಯಾಮಿಯೊ' ಒಂದು. ಬ್ರದರ್ ಕಂಪನಿಯ 'ಸ್ಕ್ಯಾನ್‌ಎನ್‌ಕಟ್' ಇನ್ನೊಂದು. ಸ್ಕ್ಯಾನ್‌ಎನ್‌ಕಟ್‌ನ ಒಡಲಲ್ಲೇ ಸ್ಕ್ಯಾನರ್ ಇರುವುದರಿಂದ ಹಾಳೆಯ ಮೇಲೆ ಕೈಯಲ್ಲಿ ಬಿಡಿಸಿದ ಹೂವನ್ನೋ ರಂಗೋಲಿಯನ್ನೋ ಅದು ನೇರವಾಗಿ ಓದಿ ಕತ್ತರಿಸುತ್ತದೆ.

ಅಲಗು ನಡೆಯುವ ರೀತಿ

ಯಂತ್ರದಲ್ಲಿ ಚಲನೆ ಎರಡು ದಿಕ್ಕಿನದು. ಅಲಗನ್ನು ಹಿಡಿದ ಗಾಡಿ ಎಡಬಲಕ್ಕೆ ಓಡಾಡುತ್ತದೆ, ಉರುಳೆಗಳು ಹಾಳೆಯನ್ನು ಹಿಂದೆ ಮುಂದೆ ಎಳೆಯುತ್ತವೆ. ಎರಡೂ ಕೂಡಿ ಎಂಥ ವಕ್ರರೇಖೆಯನ್ನಾದರೂ ಮೂಡಿಸುತ್ತವೆ. ಸಾಮಾನ್ಯ ಅಲಗನ್ನು ತಿರುಗಿಸಲು ಬೇರೆ ಮೋಟಾರಿಲ್ಲ. ಅದರ ಮೊನೆ ಅಚ್ಚಿನ ನಡುವಿನಿಂದ ತುಸು ಸರಿದಿರುತ್ತದೆ. ಹೀಗಾಗಿ ತಳ್ಳುಗಾಡಿಯ ಮುಂದಿನ ಚಿಕ್ಕ ಚಕ್ರದಂತೆ, ಎಳೆದ ದಿಕ್ಕಿಗೆ ಅದು ತಾನಾಗಿಯೇ ತಿರುಗಿಕೊಳ್ಳುತ್ತದೆ. ತೀರಾ ಚೂಪಾದ ಮೂಲೆಗಳಲ್ಲಿ ಕಾಗದ ಒಮ್ಮೊಮ್ಮೆ ಹರಿಯುವುದಕ್ಕೂ ಈ ತಿರುಗುವಿಕೆಯೇ ಕಾರಣ. ಮೂಲೆಯನ್ನು ಕೊಂಚ ದುಂಡಗೆ ಮಾಡಿದರೆ ತೊಂದರೆ ತಪ್ಪುತ್ತದೆ.

ಬಿಡಿ ಹಾಳೆ ಅಲುಗದಂತೆ ಅಂಟು ಹಚ್ಚಿದ ಚಾಪೆಯ ಮೇಲೆ ಅದನ್ನು ಕೂರಿಸಬೇಕು. ಹೆಚ್ಚು ಬಳಕೆಯಲ್ಲಿರುವುದು 12 ಅಂಗುಲದ ಚೌಕ ಚಾಪೆ. ತೆಳು ಕಾಗದಕ್ಕೆ ಕಡಿಮೆ ಅಂಟಿನದು, ರಟ್ಟಿಗೆ ಗಟ್ಟಿ ಅಂಟಿನದು. ಕೆಲಸ ಮುಗಿದ ಮೇಲೆ ಚಾಪೆಯಿಂದ ಕಾಗದವನ್ನು ಎಳೆದರೆ ಕಾಗದ ಸುರುಳಿ ಸುತ್ತಿಕೊಳ್ಳುತ್ತದೆ. ಚಾಪೆಯನ್ನು ಬೋರಲು ಹಾಕಿ, ಕಾಗದವನ್ನು ಮೇಜಿಗೆ ಒತ್ತಿ ಹಿಡಿದು, ಚಾಪೆಯನ್ನೇ ಹಿಂದಕ್ಕೆ ಸುಲಿದರೆ ಸೂಕ್ಷ್ಮ ಕೆತ್ತನೆಯೂ ನೆಟ್ಟಗೆ ಉಳಿಯುತ್ತದೆ.

ಒತ್ತಡ ಹೊಂದಿಸುವುದು ಇನ್ನೊಂದು ಜಾಣ್ಮೆ. ಅಂಟು ವಿನೈಲ್‌ಗೆ ಮೇಲ್ಪದರ ಮಾತ್ರ ತುಂಡಾಗಿ ಅಡಿಯ ಕಾಗದ ಹಾಗೆಯೇ ಉಳಿಯುವಷ್ಟು ಒತ್ತಡ ಸಾಕು. ದಪ್ಪ ಕಾರ್ಡ್ ಪೂರ್ತಿ ತುಂಡಾಗಬೇಕು. ಒಂದೇ ದಪ್ಪದ ಎರಡು ಕಂಪನಿಗಳ ಕಾಗದವೂ ಬೇರೆ ಬೇರೆ ರೀತಿ ವರ್ತಿಸುತ್ತದೆ. ಆದ್ದರಿಂದ ಹಾಳೆಯ ಮೂಲೆಯಲ್ಲಿ ಬೆರಳಗಲದ ಒಂದು ತ್ರಿಕೋನ ಕತ್ತರಿಸಿ ನೋಡದೆ ಮುಂದುವರಿಯಬಾರದು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಕಾರ್ಡ್ ಹಾಳೆ ತೇವ ಹೀರಿ ಮೆದುವಾಗುತ್ತದೆ, ಆಗ ಹೊಸ ಅಲಗೂ ಅದನ್ನು ಪಿಂಜಿಹಾಕುತ್ತದೆ. ಹಾಳೆಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಡುವುದು ಅಲ್ಲಿನವರಿಗೆ ಅನಿವಾರ್ಯ.

ಕಾಗದದಿಂದ ಆರಂಭ: ಒಂದು ಆಕಾಶಬುಟ್ಟಿ

ಕಲಿಯಲು ಕಾಗದಕ್ಕಿಂತ ಒಳ್ಳೆಯ ವಸ್ತುವಿಲ್ಲ. ಅಗ್ಗ, ಕೆಟ್ಟರೆ ನಷ್ಟ ಕಡಿಮೆ. 200ರಿಂದ 220 ಜಿಎಸ್‌ಎಂ ತೂಕದ ನಾಲ್ಕು ಎ4 ಕಾರ್ಡ್ ಹಾಳೆಗಳಲ್ಲಿ ಒಂದು ಆಕಾಶಬುಟ್ಟಿ ಆಗುತ್ತದೆ. ಪ್ರತಿ ಹಾಳೆಯಲ್ಲಿ 15 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಒಂದು ಗೋಡೆ, ಅದರ ಒಂದು ಪಕ್ಕಕ್ಕೆ ಅಂಟು ಹಚ್ಚಲು ಒಂದೂವರೆ ಸೆಂ.ಮೀ. ಪಟ್ಟಿ. ಸುತ್ತ ಒಂದೂವರೆ ಸೆಂ.ಮೀ. ಅಂಚು ಬಿಟ್ಟು ಒಳಗಿನ 12 x 17 ಸೆಂ.ಮೀ. ಜಾಗದಲ್ಲಿ ಜಾಲರಿ ಬಿಡಿಸಬೇಕು. ಮಾವಿನೆಲೆ, ಕಮಲ, ನವಿಲು ಯಾವುದಾದರೂ ಸರಿ, ಎರಡು ರಂಧ್ರಗಳ ನಡುವೆ ಕನಿಷ್ಠ ಎರಡು ಮೂರು ಮಿಲಿಮೀಟರ್ ಕಾಗದ ಉಳಿದಿರಬೇಕು. ಅದಕ್ಕಿಂತ ಸಣ್ಣ ಎಳೆ ಚಾಪೆಯಿಂದ ಎಬ್ಬಿಸುವಾಗಲೇ ಹರಿಯುತ್ತದೆ.

ಧಾರವಾಡದ ಕಸೂತಿಯ ಗೋಪುರ, ತೇರು, ಆನೆಗಳು ಇಂಥ ಜಾಲರಿಗೆ ಚೆಂದ ಒಪ್ಪುತ್ತವೆ. ಆದರೆ ಕಸೂತಿ ಎಂದರೆ ದಾರದ ಗೆರೆ. ಅದನ್ನು ಹಾಗೆಯೇ ಯಂತ್ರಕ್ಕೆ ಕೊಟ್ಟರೆ ಬರುವುದು ಬರಿಯ ಸೀಳು. ಗೆರೆಗೆ ಎರಡು ಮಿಲಿಮೀಟರ್ ದಪ್ಪ ಕೊಟ್ಟು, ಎಲ್ಲ ಗೆರೆಗಳೂ ಒಂದಕ್ಕೊಂದು ಮತ್ತು ಅಂಚಿಗೆ ಸೇರಿಕೊಂಡಿರುವಂತೆ ನೋಡಿಕೊಂಡರೆ ಆನೆ ಆನೆಯಾಗಿಯೇ ನಿಲ್ಲುತ್ತದೆ.

ಕತ್ತರಿಸಿದ ಮೇಲೆ ಪ್ರತಿ ಗೋಡೆಯ ಹಿಂದೆ 14 x 19 ಸೆಂ.ಮೀ. ಅಳತೆಯ ಟ್ರೇಸಿಂಗ್ ಕಾಗದವನ್ನು ಅಂಟಿಸಬೇಕು. ಬೆಳಕು ಹದವಾಗಿ ಹರಡುವುದು ಇದರಿಂದಲೇ. ಮಡಿಕೆಯ ಗೆರೆಯನ್ನು ಯಂತ್ರದ ಮೊಂಡು ಕಡ್ಡಿಯಿಂದ ಮೊದಲೇ ಒತ್ತಿಸಿಕೊಂಡರೆ ಮೂಲೆಗಳು ನೇರ ಬರುತ್ತವೆ. ನಾಲ್ಕು ಗೋಡೆ ಸೇರಿಸಿ, ಮೇಲೆ ದಾರ ಕಟ್ಟಿ, ಕೆಳಗೆ ಬಣ್ಣದ ಕಾಗದದ ಬಾಲ ಬಿಟ್ಟರೆ ಬುಟ್ಟಿ ಸಿದ್ಧ. ಒಳಗೆ ಬಿಸಿಯಾಗದ ಚಿಕ್ಕ ಎಲ್‌ಇಡಿ ದೀಪವನ್ನಷ್ಟೇ ಇಡಬೇಕು, ಎಣ್ಣೆಯ ಹಣತೆಯಾಗಲಿ ಮೇಣದಬತ್ತಿಯಾಗಲಿ ಸಲ್ಲದು. ದೀಪಾವಳಿಯ ದಿನಗಳಲ್ಲಿ ಮಳೆ ಬರುವುದುಂಟು, ಆದ್ದರಿಂದ ಸೂರಿನ ಕೆಳಗೇ ತೂಗುಹಾಕುವುದು ಲೇಸು.

ವಿನೈಲ್ ಅಕ್ಷರ, ತಾಂಬೂಲದ ಚೀಲ

ಡಬ್ಬಿ, ಲೋಟ, ಗಾಜಿನ ಮೇಲೆ ಹೆಸರು ಮೂಡಿಸಲು ಅಂಟು ವಿನೈಲ್ ಬೇಕು. ಗೋಡೆಗೆ ಅಂಟಿಸಿ ಮುಂದೆ ಕೀಳುವಂಥದು ಒಂದು ಬಗೆ, ನೀರು ತಾಗಿದರೂ ಉಳಿಯುವ ಶಾಶ್ವತ ಅಂಟಿನದು ಇನ್ನೊಂದು. ಕತ್ತರಿಸಿದ ಬಳಿಕ ಅಕ್ಷರದ ಸುತ್ತಲಿನ, ಒಳಗಿನ ಬೇಡದ ಭಾಗವನ್ನು ಮೊನಚು ಕೊಕ್ಕೆಯಿಂದ ಎಬ್ಬಿಸಿ ತೆಗೆಯಬೇಕು. ಈ 'ವೀಡಿಂಗ್' ತಾಳ್ಮೆ ಬೇಡುವ ಕೆಲಸ. ಉಳಿದ ಅಕ್ಷರಗಳನ್ನು ಪಾರದರ್ಶಕ ಟ್ರಾನ್ಸ್‌ಫರ್ ಟೇಪಿನಿಂದ ಒಟ್ಟಿಗೆ ಎತ್ತಿ, ಸ್ಪಿರಿಟ್‌ನಿಂದ ಒರೆಸಿ ಒಣಗಿಸಿದ ಲೋಟದ ಮೇಲೆ ಒತ್ತಿ, ಟೇಪನ್ನು ಓರೆಯಾಗಿ ಸುಲಿಯಬೇಕು. ಎರಡು ಮೂರು ದಿನ ನೀರು ಸೋಕಿಸದಿದ್ದರೆ ಅಂಟು ಗಟ್ಟಿಯಾಗುತ್ತದೆ. ವಿನೈಲನ್ನು ತುಟಿ ತಾಗುವ ಅಂಚಿಗೂ ಆಹಾರ ತಾಗುವ ಒಳಮೈಗೂ ಹಚ್ಚಕೂಡದು.

ಬಟ್ಟೆಗೆ ಶಾಖದಿಂದ ಅಂಟುವ ವಿನೈಲ್ ಬೇರೆಯೇ ಇದೆ. ಅದನ್ನು ಹಿಂಬದಿಯಿಂದ ಕತ್ತರಿಸುವುದರಿಂದ ವಿನ್ಯಾಸವನ್ನು ಕನ್ನಡಿಯ ಬಿಂಬದಂತೆ ತಿರುಗಿಸಲೇಬೇಕು. ಮರೆತರೆ ಅಕ್ಷರಗಳು ತಿರುಗುಮುರುಗಾಗಿ ಇಡೀ ಹಾಳೆ ದಂಡ. ನಾಮಕರಣ, ಗೃಹಪ್ರವೇಶಗಳ ತಾಂಬೂಲಕ್ಕೆ ಬಿಳಿ ಹತ್ತಿ ಚೀಲ ತಂದು ಮಗುವಿನ ಹೆಸರನ್ನೋ ಮನೆಯ ಹೆಸರನ್ನೋ ಹೀಗೆ ಹಾಕಬಹುದು. ಮೊದಲು ಚೀಲವನ್ನು ಇಸ್ತ್ರಿ ಮಾಡಿ ತೇವ ಹೋಗಿಸಬೇಕು. ಬಳಿಕ ಸಾಮಾನ್ಯವಾಗಿ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ 10ರಿಂದ 15 ಸೆಕೆಂಡು ಬಲವಾಗಿ ಒತ್ತಿದರೆ ಸಾಕು. ಕಂಪನಿಯಿಂದ ಕಂಪನಿಗೆ ಈ ಲೆಕ್ಕ ತುಸು ಬದಲಾಗುತ್ತದೆ. ಮನೆಯ ಇಸ್ತ್ರಿ ಪೆಟ್ಟಿಗೆಯೂ ಆದೀತು, ಆದರೆ ಉಗಿ ನಿಲ್ಲಿಸಿರಬೇಕು, ಪೆಟ್ಟಿಗೆಯನ್ನು ಉಜ್ಜದೆ ಒತ್ತಬೇಕು. ಒಂದು ದಿನ ಬಿಟ್ಟು, ಒಳಮಗ್ಗುಲು ಹೊರಗೆ ಮಾಡಿ ಒಗೆದರೆ ಅಕ್ಷರ ಬಹುಕಾಲ ಬಾಳುತ್ತದೆ.

ಕನ್ನಡ ಅಕ್ಷರಕ್ಕೆ ಬೇಕಾದ ಎಚ್ಚರ

ಈ ಯಂತ್ರಗಳ ತಂತ್ರಾಂಶಗಳು ಲ್ಯಾಟಿನ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ಹುಟ್ಟಿದವು. ಕನ್ನಡವನ್ನು ನೇರವಾಗಿ ಟೈಪಿಸಿದರೆ ಒತ್ತಕ್ಷರ, ಗುಣಿತಗಳು ಒಮ್ಮೊಮ್ಮೆ ಚದುರಿ ಕೂರುತ್ತವೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಯುನಿಕೋಡ್ ಫಾಂಟ್ ಬಳಸಿ ಬರೆದುಕೊಳ್ಳುವುದು ಭದ್ರವಾದ ದಾರಿ. ಬರೆದುದನ್ನು 'ಪಾತ್' ಆಗಿ ಬದಲಿಸಿ, ಒಂದರ ಮೇಲೊಂದು ಹಾಯ್ದ ಆಕಾರಗಳನ್ನು 'ಯೂನಿಯನ್' ಆಜ್ಞೆಯಿಂದ ಬೆಸೆದು, ಎಸ್‌ವಿಜಿ ಕಡತವಾಗಿ ಉಳಿಸಬೇಕು. ಬೆಸೆಯದಿದ್ದರೆ ಅಕ್ಷರವೂ ಗುಣಿತದ ಚಿಹ್ನೆಯೂ ಕೂಡುವಲ್ಲಿ ಅಲಗು ಅಡ್ಡ ಸೀಳುತ್ತದೆ. ಬಲೂ ತಮ್ಮ, ಅನೇಕ್ ಕನ್ನಡ, ನೋಟೊ ಸ್ಯಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್‌ಗಳು ಇದಕ್ಕೆ ಧಾರಾಳ ಸಾಕು. ದಪ್ಪ, ದುಂಡು ಮೈಯ ಬಲೂ ತಮ್ಮ ಸಣ್ಣ ಅಳತೆಯಲ್ಲೂ ಹರಿಯದೆ ಬರುತ್ತದೆ.

ಅಕ್ಷರದ ಆಕಾರದಲ್ಲೇ ಇನ್ನೊಂದು ಸವಾಲಿದೆ. ಕೇಕಿನ ಮೇಲೆ ನಿಲ್ಲಿಸಲು ಕಾರ್ಡಿನಲ್ಲಿ 'ಅಮ್ಮ' ಎಂದು ಕತ್ತರಿಸಿದರೆ 'ಮ' ಕೆಳಗಿನ ಒತ್ತು ಬಿಡಿಯಾಗಿ ಉದುರಿಹೋಗುತ್ತದೆ. 'ಹುಟ್ಟುಹಬ್ಬ'ದಲ್ಲಿ ಹೀಗೆ ಉದುರುವ ಒತ್ತುಗಳು ಎರಡು. ಒತ್ತನ್ನು ಮೇಲಕ್ಕೆ ಸರಿಸಿ ಅಕ್ಷರಕ್ಕೆ ತಾಗಿಸುವುದು ಒಂದು ಉಪಾಯ. ಇಡೀ ಪದದ ಸುತ್ತ ಎರಡು ಮೂರು ಮಿಲಿಮೀಟರ್ ಅಗಲದ ಹೊರಗೆರೆ ಎಳೆದು, ಅದನ್ನು ಇನ್ನೊಂದು ಬಣ್ಣದ ಕಾರ್ಡಿನಲ್ಲಿ ಕತ್ತರಿಸಿ ಅದರ ಮೇಲೆ ಅಕ್ಷರಗಳನ್ನು ಅಂಟಿಸುವುದು ಇನ್ನೂ ಅಂದದ ಉಪಾಯ. ಬಣ್ಣ ಹಚ್ಚುವ ಅಥವಾ ರಂಗೋಲಿ ಹುಡಿ ಉದುರಿಸುವ ಅಚ್ಚಿನಲ್ಲಿ ಸಮಸ್ಯೆ ತಿರುವುಮುರುವಾಗುತ್ತದೆ. ಅಲ್ಲಿ ಸೊನ್ನೆಯ ನಡುಭಾಗ, 'ಠ'ದ ಒಳಗಿನ ಬಳೆ ಕಳಚಿ ಬೀಳುತ್ತವೆ. ಅವನ್ನು ಹಿಡಿದಿಡಲು ಎರಡು ಬದಿಗೆ ಸಣ್ಣ ಸೇತುವೆ ಬಿಡಬೇಕು. ಚುಕ್ಕಿ ರಂಗೋಲಿಯ ಮುಚ್ಚಿದ ಸುತ್ತುಗಳಿಗೂ ಇದೇ ನಿಯಮ.

ಕೊಳ್ಳುವ ಮುನ್ನ

ಕ್ರಿಕಟ್ ಯಂತ್ರಕ್ಕೆ ಅದರದೇ 'ಡಿಸೈನ್ ಸ್ಪೇಸ್' ತಂತ್ರಾಂಶವೂ ಖಾತೆಯೂ ಬೇಕು. ಹಣ ಕಟ್ಟದ ಬಳಕೆದಾರರು ತಿಂಗಳಿಗೆ 20 ಚಿತ್ರಗಳನ್ನಷ್ಟೇ ಏರಿಸಬಹುದೆಂಬ ಮಿತಿಯನ್ನು 2021ರ ಮಾರ್ಚ್‌ನಲ್ಲಿ ಕಂಪನಿ ಪ್ರಕಟಿಸಿ, ಬಳಕೆದಾರರ ಪ್ರತಿಭಟನೆಯ ನಂತರ ಕೈಬಿಟ್ಟಿತು. ಯಂತ್ರದ ಬೆಲೆಯ ಜೊತೆಗೆ ತಂತ್ರಾಂಶದ ಷರತ್ತುಗಳನ್ನೂ ಓದಬೇಕೆಂಬುದಕ್ಕೆ ಇದು ಸಾಕ್ಷಿ. ಸಿಲೂಯೆಟ್ ಸ್ಟುಡಿಯೊದ ಮೂಲ ಆವೃತ್ತಿ ಉಚಿತ. ಎಸ್‌ವಿಜಿ ಕಡತ ತೆರೆಯಲು ಮಾತ್ರ ದುಡ್ಡು ಕೊಡುವ ಆವೃತ್ತಿ ಬೇಕು, ಡಿಎಕ್ಸ್‌ಎಫ್ ಕಡತ ಮೂಲ ಆವೃತ್ತಿಯಲ್ಲೇ ತೆರೆಯುತ್ತದೆ. ಅಮೆರಿಕದಲ್ಲಿರುವ ಬಂಧುಗಳ ಕೈಯಲ್ಲಿ ಯಂತ್ರ ತರಿಸುವವರು ವಿದ್ಯುತ್ತಿನ ವಿವರ ನೋಡಿಕೊಳ್ಳಬೇಕು. ಅಲ್ಲಿಯದು 120 ವೋಲ್ಟ್, ಇಲ್ಲಿಯದು 230. ಅಲ್ಲಿಗೆಂದೇ ಮಾಡಿದ ಶಾಖದ ಒತ್ತುಪೆಟ್ಟಿಗೆಯನ್ನು ಇಲ್ಲಿ ನೇರ ಸಿಕ್ಕಿಸಿದರೆ ಸುಟ್ಟುಹೋಗಬಹುದು.

ವಿನೈಲ್ ಎಂದರೆ ಹೆಚ್ಚಾಗಿ ಪಿವಿಸಿ ಪ್ಲಾಸ್ಟಿಕ್. ಅದರ ಚೂರುಗಳನ್ನು ಸುಟ್ಟರೆ ವಿಷಕಾರಿ ಹೈಡ್ರೋಜನ್ ಕ್ಲೋರೈಡ್ ಹೊರಡುತ್ತದೆ, ಒಲೆಗಾಗಲಿ ಕಸದ ಬೆಂಕಿಗಾಗಲಿ ಹಾಕಬಾರದು. ಕರ್ನಾಟಕ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಬ್ಯಾನರು, ಬಂಟಿಂಗ್, ಫ್ಲೆಕ್ಸ್‌ಗಳನ್ನು ನಿಷೇಧಿಸಿದೆ. ಹಬ್ಬ ಮುಗಿದೊಡನೆ ಕಸವಾಗುವ ಅಲಂಕಾರಕ್ಕೆ ಕಾಗದ, ಬಟ್ಟೆಗಳೇ ತಕ್ಕವು. ವರ್ಷಗಟ್ಟಲೆ ಬಳಸುವ ಡಬ್ಬಿ, ಫಲಕಗಳಿಗಷ್ಟೇ ವಿನೈಲ್ ಇರಲಿ. ಮಾರಾಟಕ್ಕೆ ಇಳಿಯುವವರು ಚಿತ್ರದ, ಫಾಂಟಿನ ಪರವಾನಗಿಯನ್ನೂ ನೋಡಿಕೊಳ್ಳಬೇಕು. ಕಾರ್ಟೂನ್ ಪಾತ್ರಗಳನ್ನೂ ಸಿನಿಮಾ ಲಾಂಛನಗಳನ್ನೂ ಅನುಮತಿಯಿಲ್ಲದೆ ಹಾಕಿ ಮಾರುವುದು ಹಕ್ಕುಸ್ವಾಮ್ಯದ ಉಲ್ಲಂಘನೆ.

ವರ್ಷಕ್ಕೊಂದು ತೋರಣ ಮಾಡುವ ಮನೆಗೆ ಕತ್ತರಿ, ಚೂಪು ಚಾಕು ಸಾಕು. ಮನೆತುಂಬ ಸಮಾರಂಭ ನಡೆಯುವ ಕುಟುಂಬ, ಮಕ್ಕಳಿಗೆ ಕಲಿಕೆಯ ಸಾಮಗ್ರಿ ಮಾಡುವ ಶಿಕ್ಷಕರು, ಮನೆಯಿಂದಲೇ ಸಣ್ಣ ದುಡಿಮೆ ಬಯಸುವವರಿಗೆ ಈ ಯಂತ್ರ ಹಾಕಿದ ಹಣಕ್ಕೆ ಮೋಸ ಮಾಡದು. ಕೊಂಡವರು ಮೊದಲ ವಾರಗಳನ್ನು ಕಾಗದದ ಮೇಲೆಯೇ ಕಳೆಯಲಿ. ಇಂಟರ್ನೆಟ್ಟಿನಲ್ಲಿ ಸಿಗುವ ಸಿದ್ಧ ಇಂಗ್ಲಿಷ್ ವಿನ್ಯಾಸಗಳನ್ನು ಬದಿಗಿಟ್ಟು, ಪಡೆಯುವವರ ಹೆಸರನ್ನು ಒತ್ತಕ್ಷರ ಸಹಿತ ಕನ್ನಡದಲ್ಲಿ ಕತ್ತರಿಸಿ ಕೊಡಲಿ. ಅಂಗಡಿಯಲ್ಲಿ ಸಿಗದ ಉಡುಗೊರೆ ಅದು.