ಮಗಳ ಎರಡು ವರ್ಧಂತಿಗಳು

ಮಕ್ಕಳ ವರ್ಧಂತಿಯೆಂದರೆ ತಂದೆಗೆ ಸಂತೋಷವೇ ಸರಿ. ಆದರೆ ಮಕ್ಕಳು ಬೆಳೆದ ಮೇಲೆ ಆ ಸಂತೋಷದೊಳಗೆ ಒಂದು ಲೆಕ್ಕವೂ ಬಂದು ಸೇರಿಕೊಳ್ಳುತ್ತದೆ. ಇದು ನನಗೆ ಮನವರಿಕೆಯಾದದ್ದು 2025ರ ಯುಗಾದಿಯಂದು.

ನನ್ನ ಮಗಳು ಹುಟ್ಟಿದ್ದು 2006ನೆಯ ಇಸವಿಯ ಮಾರ್ಚಿ 30ರಂದು. ಅಂದು ವ್ಯಯ ಸಂವತ್ಸರದ ಯುಗಾದಿ. ಹೀಗಾಗಿ ಬಾಲ್ಯದಿಂದಲೂ ಆಕೆಗೆ ವರ್ಷಕ್ಕೆ ಎರಡು ವರ್ಧಂತಿಗಳು. ಚೈತ್ರ ಶುದ್ಧ ಪಾಡ್ಯದಂದು ಅಜ್ಜಿ ಎಣ್ಣೆಯೆರೆದು ಆರತಿ ಎತ್ತುವಳು. ಮಾರ್ಚಿ 30ರಂದು ನಾನು ಒಂದು ಪುಸ್ತಕ ಕೊಡುವೆನು. ಇವೆರಡೂ ಒಂದೇ ದಿನ ಬರಲೊಲ್ಲವು. 2014ರಲ್ಲಿ ಯುಗಾದಿ ಮಾರ್ಚಿ 31ಕ್ಕೆ ಬಂದು, ಒಂದೇ ದಿನದಲ್ಲಿ ತಪ್ಪಿಹೋಯಿತು. 2023ರಲ್ಲಿ ಮಾರ್ಚಿ 22. ಮರುವರ್ಷ ಏಪ್ರಿಲ್ 9. “ನಿಜವಾಗಿ ನನಗೆ ವಯಸ್ಸಾಗುವುದು ಯಾವತ್ತು, ಅಪ್ಪ?” ಎಂದು ಚಿಕ್ಕವಳಿದ್ದಾಗ ಕೇಳುತ್ತಿದ್ದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮಗಳು ಪದವಿ ತರಗತಿಗೆ ಸೇರುವಾಗ ಗಣಿತವನ್ನು ಆರಿಸಿಕೊಂಡಳು. ಕನ್ನಡ ಅಧ್ಯಾಪಕನ ಮಗಳು ಕನ್ನಡವನ್ನೇ ಓದುವಳೆಂದು ನಾನು ಯಾರನ್ನೂ ಕೇಳದೆ ನಿಶ್ಚಯಿಸಿಕೊಂಡಿದ್ದೆ. ಬೇಡವೆನ್ನಲಿಲ್ಲ, ಮಾತು ಕಡಮೆ ಮಾಡಿದೆ. ಬೇಡವೆನ್ನುವುದಕ್ಕಿಂತ ಇದು ಕಠೋರವೆಂದು ಆಗ ತಿಳಿಯಲಿಲ್ಲ.

ಹತ್ತೊಂಬತ್ತು ತುಂಬುವ ದಿನಕ್ಕೆ ಹಾಸ್ಟೆಲಿನಿಂದ ಬಂದಳು. ಬೇವುಬೆಲ್ಲವಾದ ಮೇಲೆ ನಾನು ರೂಢಿಯಂತೆ ಪಂಚಾಂಗ ತೆರೆದೆ. ವಿಶ್ವಾವಸು ಸಂವತ್ಸರ, ಚೈತ್ರ ಶುದ್ಧ ಪಾಡ್ಯ, ಮಾರ್ಚಿ 30! “ಇದೇನು ಸೋಜಿಗ!” ಎಂದೆ. ಮಗಳು ನಕ್ಕು, ಪಂಚಾಂಗದ ಅಂಚಿನಲ್ಲಿಯೇ ಪೆನ್ಸಿಲ್ಲಿನಿಂದ ಬರೆಯತೊಡಗಿದಳು. ಚಂದ್ರನ ಹನ್ನೆರಡು ತಿಂಗಳಿಗೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ 11 ದಿನ ಕಡಮೆ. ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಅಧಿಕಮಾಸ. ಹತ್ತೊಂಬತ್ತು ವರ್ಷಗಳಲ್ಲಿ ಅಂಥವು ಏಳು. 228ಕ್ಕೆ 7 ಕೂಡಿದರೆ 235 ಚಾಂದ್ರಮಾಸಗಳು. ಅವಕ್ಕೂ ಹತ್ತೊಂಬತ್ತು ಸೌರವರ್ಷಗಳಿಗೂ ಇರುವ ವ್ಯತ್ಯಾಸ ಸುಮಾರು ಎರಡು ಗಂಟೆ ಮಾತ್ರ! ಬೇರೆ ಬೇರೆ ಹಾದಿ ಹಿಡಿದ ಸೂರ್ಯಚಂದ್ರರು ಇಷ್ಟು ವರ್ಷಗಳಿಗೊಮ್ಮೆ ರಾಜಿಯಾಗುತ್ತಾರೆ. ಬಾಲ್ಯದ ಪ್ರಶ್ನೆಗೆ ತಾನೇ ಉತ್ತರ ಕಂಡುಕೊಂಡಿದ್ದಳು.

ನನಗೆ ಭಾಸ್ಕರಾಚಾರ್ಯನ ನೆನಪಾಯಿತು. 1150ರಲ್ಲಿ, ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ ಅವನು ರಚಿಸಿದ ‘ಲೀಲಾವತಿ’ಗೆ ಮಗಳ ಹೆಸರನ್ನಿಟ್ಟನೆಂಬುದು ಐತಿಹ್ಯ. 1587ರಲ್ಲಿ ಆ ಗ್ರಂಥವನ್ನು ಪಾರಸಿಗೆ ತಂದ ಫೈಜಿಯೂ ಈ ಕಥೆಯನ್ನು ಹೇಳಿದ್ದಾನೆ. ಮಗಳ ಮದುವೆಯ ಮುಹೂರ್ತವನ್ನು ಅಳೆಯಲು ತಂದೆ ಜಲಘಟಿಯನ್ನಿಟ್ಟ; ಬಗ್ಗಿ ನೋಡುತ್ತಿದ್ದ ಮಗಳ ಒಡವೆಯ ಮುತ್ತೊಂದು ಬಿದ್ದು ಅದರ ರಂಧ್ರವನ್ನು ಮುಚ್ಚಿತು; ಮುಹೂರ್ತ ಮೀರಿತು. ಅವಳನ್ನು ಸಂತೈಸಲು ತಂದೆ ಗಣಿತವನ್ನು ಬರೆದನಂತೆ. ಕಥೆ ನಿಜವೋ ಅಲ್ಲವೋ, ಗಣಿತದಲ್ಲಿಯೂ ವಾತ್ಸಲ್ಯಕ್ಕೆ ಎಡೆಯುಂಟೆಂದು ನಂಬಿದವರು ಅದನ್ನು ಕಟ್ಟಿರಬೇಕು. ತರಗತಿಯಲ್ಲಿ ಎಷ್ಟೋ ಸಲ ಈ ಕಥೆ ಹೇಳಿದ್ದ ನಾನು, ಮನೆಯಲ್ಲಿ ಅದನ್ನು ಮರೆತಿದ್ದೆ.

“ಮತ್ತೆ ಹೀಗೆ ಕೂಡಿಬರುವುದು 2044ರಲ್ಲಿ. ಆಗ ನನಗೆ ಮೂವತ್ತೆಂಟು” ಎಂದಳು ಮಗಳು. ನಾನು ಮನಸ್ಸಿನಲ್ಲಿಯೇ ನನ್ನ ನಲವತ್ತಾರಕ್ಕೆ ಹತ್ತೊಂಬತ್ತು ಕೂಡಿದೆ: ಅರವತ್ತೈದು. ಅದರ ಮುಂದಿನದಕ್ಕೆ ಎಂಬತ್ತನಾಲ್ಕು. ಅಲ್ಲಿಗೆ ಕೂಡುವುದನ್ನು ನಿಲ್ಲಿಸಿದೆ. ಆಕೆಗೆ ಅದು ತಿಳಿಯಿತೇನೋ, “ಆಗಲೂ ಪಂಚಾಂಗ ಓದುವವರು ನೀವೇ” ಎಂದಳು.

ಆ ವರ್ಷದ ಪುಸ್ತಕ ಮೇಜಿನ ಮೇಲಿತ್ತು. ಪ್ರತಿವರ್ಷವೂ ಮೊದಲ ಪುಟದಲ್ಲಿ ‘ಚಿರಂಜೀವಿ ಮಗಳಿಗೆ’ ಎಂದು ಬರೆದು ತಾರೀಖು ಹಾಕುವುದು ವಾಡಿಕೆ. ಅಂದು ತಾರೀಖಿನ ಪಕ್ಕದಲ್ಲಿ ತಿಥಿಯನ್ನೂ ಬರೆದೆ. ಅದರ ಮೇಲೆ, ಮೊತ್ತಮೊದಲ ಬಾರಿಗೆ, ‘ಗಣಿತದ ವಿದ್ಯಾರ್ಥಿನಿಗೆ’ ಎಂದು ಬರೆದೆ.