ಮೊದಲು ಮುಗಿಯುವ ವಸ್ತು

ಹಬ್ಬದ ದಿನ ಹೋಳಿಗೆ ಮಾಡುವ ಗೃಹಿಣಿಗೆ ರಸಾಯನಶಾಸ್ತ್ರದ ಒಂದು ಮುಖ್ಯ ತತ್ತ್ವವು ಯಾರೂ ಹೇಳದೆಯೇ ತಿಳಿದಿರುತ್ತದೆ. ಕಣಕ ೬೦೦ ಗ್ರಾಂ, ಹೂರಣ ೯೦೦ ಗ್ರಾಂ ಇವೆಯೆನ್ನೋಣ. ಕಣಕದ ಉಂಡೆಯೊಂದಕ್ಕೆ ೩೦ ಗ್ರಾಂ, ಹೂರಣದ ಉಂಡೆಯೊಂದಕ್ಕೆ ೬೦ ಗ್ರಾಂ ಬೇಕು. ಆಗ ಕಣಕದ ಉಂಡೆಗಳು ೨೦, ಹೂರಣದ ಉಂಡೆಗಳು ೧೫. ಹೋಳಿಗೆಗಳಾದರೋ ೧೫ ಮಾತ್ರ. ತೂಕದಲ್ಲಿ ಹೆಚ್ಚಾಗಿದ್ದ ಹೂರಣವೇ ಮೊದಲು ಮುಗಿಯಿತು, ಕಣಕವು ಮಿಕ್ಕಿತು.

ಹೀಗೆ ಮೊದಲು ಮುಗಿದು ಕ್ರಿಯೆಗೆ ಎಲ್ಲೆಯನ್ನು ಕಟ್ಟುವ ವಸ್ತುವನ್ನು ಮಿತಿಕಾರಕವೆನ್ನಬಹುದು. ದ್ರವ್ಯಗಳು ಕೂಡುವ ಪ್ರಮಾಣದ ಈ ಗಣಿತಕ್ಕೆ ಜರ್ಮನಿಯ ರಿಕ್ಟರ್ ಎಂಬ ವಿದ್ವಾಂಸನು ೧೭೯೨ರಲ್ಲಿ ಸ್ಟಾಯ್ಕಿಯೋಮೆಟ್ರಿ ಎಂಬ ಹೆಸರನ್ನಿತ್ತನು. ಇದರ ಕ್ರಮವು ಸುಲಭ. ಮೊದಲು ಸಮೀಕರಣವನ್ನು ಸರಿದೂಗಿಸಬೇಕು. ಬಳಿಕ ತೂಕವನ್ನು ಕಣಗಳ ಎಣಿಕೆಗೆ, ಎಂದರೆ ಮೋಲ್‌ಗಳಿಗೆ, ತಿರುಗಿಸಬೇಕು. ಅದನ್ನು ಸಮೀಕರಣದಲ್ಲಿ ಆಯಾ ವಸ್ತುವಿನ ಹಿಂದಿರುವ ಸಂಖ್ಯೆಯಿಂದ ಭಾಗಿಸಬೇಕು. ಯಾವುದರ ಭಾಗಲಬ್ಧವು ಕಿರಿದೋ ಅದೇ ಮಿತಿಕಾರಕ.

ಇದ್ದಿಲು ಉರಿಯುವುದನ್ನೇ ನೋಡೋಣ. ಇಂಗಾಲದ ಒಂದು ಮೋಲ್ ೧೨ ಗ್ರಾಂ. ಆಮ್ಲಜನಕದ್ದು ೩೨ ಗ್ರಾಂ. ಇವೆರಡೂ ಒಂದಕ್ಕೊಂದರಂತೆ ಕೂಡಿ ೪೪ ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುವುದು. ಈಗ ೨೪ ಗ್ರಾಂ ಇಂಗಾಲಕ್ಕೆ ೩೨ ಗ್ರಾಂ ಆಮ್ಲಜನಕವೇ ದೊರೆತರೆ? ಎರಡು ಮೋಲ್‌ಗೆ ಒಂದೇ ಮೋಲ್. ಆಮ್ಲಜನಕವು ಮಿತಿಕಾರಕವಾಗಿ, ೧೨ ಗ್ರಾಂ ಇಂಗಾಲವು ಮಿಗುವುದು.

ಮಿಕ್ಕ ಕಣಕದಿಂದ ಚಪಾತಿಯಾದೀತು. ಆದರೆ ನಿಗಿನಿಗಿ ಕಾದ ಇಂಗಾಲವು ಸುಮ್ಮನೆ ಮಿಕ್ಕಿರುವುದಿಲ್ಲ. ಅದು ಆಗತಾನೆ ಹುಟ್ಟಿದ ಡೈಆಕ್ಸೈಡ್‌ನೊಡನೆ ಕೂಡುತ್ತದೆ. ೪೪ಕ್ಕೆ ೧೨ ಸೇರಿ ೫೬ ಗ್ರಾಂ ಇಂಗಾಲದ ಮಾನಾಕ್ಸೈಡ್ ಆಗುತ್ತದೆ. ಕೆಂಡದ ರಾಶಿಯೊಳಗೆ ಗಾಳಿ ಸಾಲದಿದ್ದಾಗ ನಡೆಯುವುದು ಇದೇ. ಕೋಣೆಯ ಬಾಗಿಲು ಕಿಟಕಿಗಳನ್ನು ಮುಚ್ಚಿದರಂತೂ ಈ ಅನಿಲಕ್ಕೆ ಹೊರದಾರಿಯೇ ಇರದು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ೨೦೦ ಪಟ್ಟಿಗೂ ಮಿಕ್ಕ ಬಲದಿಂದ ಅಂಟಿಕೊಂಡು, ಪ್ರಾಣವಾಯುವಿನ ಸ್ಥಾನವನ್ನು ಅಪಹರಿಸುತ್ತದೆ. ನಿದ್ರಿಸುವವರಿಗೆ ಎಚ್ಚರವೇ ಆಗದಿರಬಹುದು.

ಆದಕಾರಣ ಬಾಣಂತಿಯೂ ಹಸುಗೂಸೂ ಮಲಗುವ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು ಬಾಗಿಲು ಹಾಕುವ ವಾಡಿಕೆಯನ್ನು ಗೃಹಸ್ಥರು ಬಿಡಬೇಕು. ಹೊಗೆಯಿಲ್ಲವೆಂಬುದು ಅಭಯವಲ್ಲ. ಪಕ್ಕದಲ್ಲಿ ನೀರಿನ ಪಾತ್ರೆಯನ್ನಿಟ್ಟರೂ ಫಲವಿಲ್ಲ. ಈ ಅನಿಲವು ನೀರಿನಲ್ಲಿ ಕರಗುವುದು ಅತ್ಯಲ್ಪ. ಸ್ನಾನದ ಮನೆಯ ಗ್ಯಾಸ್ ಗೀಸರಿಗೂ ಇದೇ ನ್ಯಾಯ: ಅದನ್ನು ಹೊರಗೆ ಗಾಳಿಯಾಡುವೆಡೆಯಲ್ಲಿಡಿಸುವುದು ಲೇಸು. ತಲೆನೋವು, ತಲೆಸುತ್ತು, ವಾಕರಿಕೆ ಕಂಡೊಡನೆ ಎಲ್ಲರನ್ನೂ ಹೊರಗೆ ಕರೆತಂದು ವೈದ್ಯರಲ್ಲಿಗೆ ಒಯ್ಯಬೇಕು.

ಇದ್ದಿಲನ್ನು ತೂಗಿ ಕೊಳ್ಳುತ್ತೇವೆ, ಗಾಳಿಯನ್ನು ತೂಗುವವರಿಲ್ಲ. ಲೆಕ್ಕವನ್ನು ನಿರ್ಣಯಿಸುವುದು ಮಾತ್ರ ಆ ತೂಗದ ಗಾಳಿಯೇ.