ನಂಬಿಕೆ ಸವೆಯುವ ಬಗೆ

ಯಲ್ಲಾಪುರ ಸೀಮೆಯ ನಂದೊಳ್ಳಿಯಂಥ ಊರುಗಳಲ್ಲಿ ಅಡಿಕೆ ಕೊಯ್ಲಿನ ರಾತ್ರಿಗಳಂದು ಸುಲಿಯುವವರ ಸಾಲು ಕುಳಿತ ಅಂಗಳವೇ ರಾಜಕೀಯ ಚರ್ಚೆಗೂ ಸ್ಥಾನವಾಗಿರುತ್ತದೆ. 1983ರ ಜನವರಿ, 1984ರ ಡಿಸೆಂಬರ್, 1989ರ ನವೆಂಬರ್ ತಿಂಗಳ ಚುನಾವಣೆಗಳು ಕೊಯ್ಲಿನ ದಿನಗಳಲ್ಲಿಯೋ ಅವುಗಳ ಅಂಚಿನಲ್ಲಿಯೋ ಬಂದುವು. ಅಂಗಳದ ಈ ಬದಿಯ ಪಕ್ಷನಿಷ್ಠನೂ ಆ ಬದಿಯ ಪಕ್ಷನಿಷ್ಠನೂ ಏರುದನಿಯಲ್ಲಿ ವಾದಿಸುತ್ತಿರಲು, ನಡುವೆ ತಲೆಬಾಗಿ ಸುಲಿಯುತ್ತಲೇ ಎಲ್ಲವನ್ನೂ ಕೇಳಿಸಿಕೊಳ್ಳುವವನೊಬ್ಬನಿರುತ್ತಾನೆ. ಸರಕಾರಗಳನ್ನು ಏರಿಸುವವನೂ ಇಳಿಸುವವನೂ ಬಹುಮಟ್ಟಿಗೆ ಈ ಮಿತಭಾಷಿಯೇ.

ಆತನ ಮನೋಧರ್ಮವನ್ನು ಅರಿಯಲು ಅದೇ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರ ಆಡಳಿತಕಾಲಕ್ಕಿಂತ ಉತ್ತಮ ನಿದರ್ಶನವಿಲ್ಲ. 1980ರ ನರಗುಂದ-ನವಲಗುಂದ ರೈತರ ಬಂಡಾಯ, 1982ರ ಗೋಕಾಕ್ ಚಳವಳಿ ಇವುಗಳನ್ನು ಕಾಂಗ್ರೆಸ್ಸಿನ ಗುಂಡೂರಾವ್ ಸರಕಾರವು ನಿರ್ವಹಿಸಿದ ರೀತಿಯಿಂದ ಬೇಸತ್ತ ಜನ 1983ರಲ್ಲಿ ಜನತಾ ಪಕ್ಷದ ಕೂಟಕ್ಕೆ 95, ಕಾಂಗ್ರೆಸ್ಸಿಗೆ 82 ಸ್ಥಾನಗಳನ್ನಿತ್ತರು. ಹೆಗಡೆಯವರು ರಾಜ್ಯದ ಪ್ರಥಮ ಕಾಂಗ್ರೆಸ್ಸೇತರ ಮುಖ್ಯಮಂತ್ರಿಗಳಾದರು. ಮುಂದೆ ನಡೆದುದು ನಮ್ಮ ಮತದಾರನ ವಿವೇಚನೆಗೆ ಸಾಕ್ಷಿ. ಇಂದಿರಾ ಗಾಂಧಿಯವರ ಹತ್ಯೆಯ ತರುವಾಯ ಲೋಕಸಭೆಗೆ 28ರಲ್ಲಿ 24 ಕಾಂಗ್ರೆಸ್ಸಿಗರನ್ನು ಕಳುಹಿಸಿದ ಅದೇ ಕರ್ನಾಟಕವು, ಆ ಸೋಲಿನ ಹೊಣೆ ಹೊತ್ತು ಹೆಗಡೆಯವರು ಪುನಃ ಜನರೆದುರು ನಿಂತಾಗ, ಮೂರೇ ತಿಂಗಳಲ್ಲಿ, 1985ರ ಮಾರ್ಚಿನಲ್ಲಿ, ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನಗಳನ್ನು ದಯಪಾಲಿಸಿತು. ದಿಲ್ಲಿಗೊಂದು, ಬೆಂಗಳೂರಿಗೊಂದು ತೀರ್ಪು! ಜನ ಅಲೆಗೆ ಸಿಕ್ಕಿ ತೇಲುವವರೆಂದು ಬಗೆಯುವ ಪಂಡಿತರು ಇದನ್ನು ಇನ್ನೊಮ್ಮೆ ಯೋಚಿಸಬೇಕು.

ಇಷ್ಟು ವಿಶ್ವಾಸ ನಾಲ್ಕೂವರೆ ವರ್ಷಗಳಲ್ಲಿ ಹೇಗೆ ಕರಗಿತು? ಸರಕಾರ ಕೆಲಸಮಾಡಲಿಲ್ಲವೆಂದಲ್ಲ. ಸಚಿವ ಅಬ್ದುಲ್ ನಜೀರ್ ಸಾಬರು ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಯಿಸಿ 'ನೀರ್ ಸಾಬ್' ಎನಿಸಿಕೊಂಡರು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಚುನಾವಣೆ ನಡೆದು ಶೇಕಡಾ 25 ಸ್ಥಾನಗಳು ಸ್ತ್ರೀಯರಿಗೆ ಮೀಸಲಾದುವು. ಆದರೆ ಮೌಲ್ಯಾಧಾರಿತ ರಾಜಕಾರಣವೆಂಬ ಅಳತೆಗೋಲನ್ನು ಜನರ ಕೈಗಿತ್ತವರು ಹೆಗಡೆಯವರೇ ಆದುದರಿಂದ, ಜನ ಅದರಿಂದಲೇ ಅವರನ್ನು ಅಳೆದರು. 1986ರ ಫೆಬ್ರವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಉಚ್ಚ ನ್ಯಾಯಾಲಯದ ಆಕ್ಷೇಪಕ್ಕೆ ಗುರಿಯಾಗಿ ರಾಜೀನಾಮೆಯಿತ್ತು, ಮೂರೇ ದಿನಗಳಲ್ಲಿ ಹಿಂತೆಗೆದುಕೊಂಡರು; 1988ರ ಆಗಸ್ಟಿನಲ್ಲಿ ದೂರವಾಣಿ ಕದ್ದಾಲಿಕೆಯ ಆಪಾದನೆ ಅವರನ್ನು ಪದವಿಯಿಂದಲೇ ಇಳಿಸಿತು. ಅನಂತರ ಬಂದ ಎಸ್. ಆರ್. ಬೊಮ್ಮಾಯಿಯವರ ಕಾಲದಲ್ಲಿ ಪಕ್ಷದ ಒಳಜಗಳವೇ ದಿನನಿತ್ಯದ ವಾರ್ತೆಯಾಯಿತು. ಸಹಕಾರಿ ಸಂಘದ ಸದಸ್ಯನು ಒಂದು ವರ್ಷದ ನಷ್ಟವನ್ನು ಸಹಿಸಿಯಾನು, ಮಹಾಸಭೆಯಲ್ಲಿ ಲೆಕ್ಕ ಕೇಳಿದಾಗ ನಿರ್ದೇಶಕರು ತಮ್ಮತಮ್ಮೊಳಗೆ ಕಾದಾಡುವುದನ್ನು ಸಹಿಸನು. ಮಧ್ಯಮಮಾರ್ಗದ ಮತದಾರನೂ ಹಾಗೆಯೇ. ಆತನು ದೋಷವನ್ನು ಕ್ಷಮಿಸುತ್ತಾನೆ, ತನ್ನನ್ನು ಮರೆತುದನ್ನು ಕ್ಷಮಿಸುವುದಿಲ್ಲ.

1989ರ ಏಪ್ರಿಲ್ 21ರಂದು, ವಿಧಾನಸಭೆಯಲ್ಲಿ ಬಹುಮತವನ್ನು ಪರೀಕ್ಷಿಸುವ ಅವಕಾಶವನ್ನೂ ಕೊಡದೆ, ಬೊಮ್ಮಾಯಿ ಸರಕಾರವನ್ನು ವಜಾಮಾಡಲಾಯಿತು. ಆ ಕ್ರಮ ಸಂವಿಧಾನಬಾಹಿರವೆಂದು 1994ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಅನ್ಯಾಯಕ್ಕೊಳಗಾದವರ ಕಡೆಗೆ ಜನ ಒಲಿಯಬೇಕಿತ್ತೆಂದು ತೋರೀತು. ಆದರೆ 1989ರ ನವೆಂಬರಿನಲ್ಲಿ, ಆ ವೇಳೆಗೆ ಜನತಾ ದಳವಾಗಿದ್ದ ಪಕ್ಷಕ್ಕೆ ದಕ್ಕಿದ್ದು 24 ಸ್ಥಾನ, ಕಾಂಗ್ರೆಸ್ಸಿಗೆ 178. ಅನುಕಂಪ ಬೇರೆ, ವಿಶ್ವಾಸ ಬೇರೆ.

ಈ ಅಂಕಿಗಳ ಹಿಂದೆ ಇನ್ನೊಂದು ಸೂಕ್ಷ್ಮವುಂಟು. 1985ರಲ್ಲಿ ಸೋತಾಗಲೂ ಕಾಂಗ್ರೆಸ್ಸಿಗೆ ಶೇಕಡಾ 40ಕ್ಕೆ ತುಸು ಮಿಗಿಲಾಗಿ ಮತಗಳಿದ್ದುವು. 1989ರ ಮಹಾವಿಜಯದಲ್ಲಿ ಅದು ಏರಿದ್ದು 44ರ ಸಮೀಪಕ್ಕೆ ಮಾತ್ರ. ಎಚ್. ಡಿ. ದೇವೇಗೌಡರ ಬಣ ಬೇರೆಯಾಗಿ ಸ್ಪರ್ಧಿಸಿ ಎದುರಾಳಿಗಳ ಮತ ಒಡೆದುದರಿಂದಲೂ ಆ ವಿಜಯ ಅಷ್ಟು ದೊಡ್ಡದಾಯಿತು. ಪಕ್ಷನಿಷ್ಠರು ಬಹುಪಾಲು ಇದ್ದಲ್ಲಿಯೇ ಇದ್ದರು. ಸರಿದುದು ನಡುವಿನವರು, ಅದೂ ಸದ್ದಿಲ್ಲದೆ.

1985ರ ಅನಂತರ 2023ರವರೆಗೆ ನಡೆದ ಯಾವ ವಿಧಾನಸಭಾ ಚುನಾವಣೆಯಲ್ಲಿಯೂ ಕರ್ನಾಟಕದ ಮತದಾರನು ಆಳುವ ಪಕ್ಷಕ್ಕೆ ಮತ್ತೆ ಬಹುಮತವನ್ನು ಕೊಟ್ಟಿಲ್ಲ.